ಕೊಟ್ಟಿಗೆಗೆ ವಾಷಿಂಗ್ ಸೋಡಾ: ಕಾಲುಬಾಯಿ ಜ್ವರದ ಕಾಲದಲ್ಲಿ ಬಳಸಿ ನೋಡಿ ಬರೆದದ್ದು

ಪಕ್ಕದ ಊರಲ್ಲಿ ಕಾಲುಬಾಯಿ ಜ್ವರ ಅಂತ ಸುದ್ದಿ ಬಂದ ಕೂಡಲೇ ನಮ್ಮ ಕಡೆ ಅಂಗಡಿಗಳಲ್ಲಿ ಮೊದಲು ಖಾಲಿಯಾಗುವುದು ಫಿನಾಯಿಲ್. ಇಡೀ ಬೀದಿ ಅದರ ವಾಸನೆ ಹೊಡೆಯುತ್ತದೆ. ವಾಸನೆ ಬಂತು ಅಂದರೆ ರೋಗಾಣು ಸತ್ತಿತು ಅಂತ ಎಲ್ಲರಿಗೂ ಒಂದು ಸಮಾಧಾನ. ಅದೇ ಅಂಗಡಿಯ ಕೆಳಗಿನ ಹಲಗೆಯಲ್ಲಿ, ಬಟ್ಟೆ ಸೋಪಿನ ಪಕ್ಕ, ಧೂಳು ಹಿಡಿದ ಪೊಟ್ಟಣದಲ್ಲಿ ವಾಷಿಂಗ್ ಸೋಡಾ ಬಿದ್ದಿರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ಕಾಲುಬಾಯಿ ಜ್ವರದ ವೈರಸ್ಸನ್ನು ನೆಲದ ಮೇಲೆ, ಗೋದಲಿಯಲ್ಲಿ, ಚಪ್ಪಲಿಯಲ್ಲಿ ಕೊಲ್ಲುವುದಕ್ಕೆ ಫಿನಾಯಿಲ್‌ಗಿಂತ ಅದು ಎಷ್ಟೋ ಮೇಲು. ಬೆಲೆಯೂ ಕಡಿಮೆ. ಈ ರಿವ್ಯೂ ಬರೆಯುತ್ತಿರುವುದು ಅದಕ್ಕೇ.

ನಾನು ನಾಗಮಂಗಲ ಕಡೆಯವಳು. ಮನೆಯಲ್ಲಿ ನಾಲ್ಕು ಸೀಮೆ ಹಸು, ಒಂದು ಜೊತೆ ಹಳ್ಳಿಕಾರ್ ಎತ್ತು, ಕರುಗಳು, ಒಂದಷ್ಟು ನಾಟಿ ಕೋಳಿ, ಒಂದು ನಾಯಿ ಇವೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತೇವೆ, ಅದರಲ್ಲೇ ಸಂಸಾರ ನಡೆಯುತ್ತದೆ. ಪಿಯುಸಿಯಲ್ಲಿ ಸೈನ್ಸ್ ಓದಿದ್ದೆ. ಅದು ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಕಾಲುಬಾಯಿ ಜ್ವರ ನೋಡದವರಿಗೆ ಒಂದು ಮಾತು. ಹಸು ಮೇವು ಬಿಡುತ್ತದೆ. ಬಾಯಿಂದ ದಾರದ ಹಾಗೆ ಜೊಲ್ಲು ಸುರಿಯುತ್ತದೆ. ನಾಲಿಗೆ ಮೇಲೆ ಗುಳ್ಳೆ ಎದ್ದು, ಒಡೆದು, ಸಿಪ್ಪೆ ಸುಲಿದು ಬರುತ್ತದೆ. ಗೊರಸಿನ ಸಂದಿಯಲ್ಲಿ ಹುಣ್ಣಾಗಿ ಕುಂಟುತ್ತದೆ. ದೊಡ್ಡ ದನ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಆದರೆ ಹಾಲು ಮೊದಲಿನ ಮಟ್ಟಕ್ಕೆ ಬರುವುದು ಕಷ್ಟ. ಎಳೆಗರುಗಳ ಕತೆಯೇ ಬೇರೆ. ವೈರಸ್ ನೇರ ಹೃದಯದ ಸ್ನಾಯುವಿಗೇ ಹೊಡೆಯುತ್ತದೆ. ರಾತ್ರಿ ಚೆನ್ನಾಗಿದ್ದ ಕರು ಬೆಳಿಗ್ಗೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಹಾಗೆ ಒಂದು ಹೆಣ್ಣುಗರು ಹೋಗಿದೆ. ಹಾಗಾಗಿ ಇದು ನನಗೆ ಸುಮ್ನೆ ಮಾಹಿತಿ ಹಂಚುವ ವಿಷಯ ಅಲ್ಲ.

ಸೋಡಾ ಯಾಕೆ ಕೆಲಸ ಮಾಡುತ್ತದೆ, ಫಿನಾಯಿಲ್ ಯಾಕೆ ಮಾಡುವುದಿಲ್ಲ ಅನ್ನುವುದು ತಿಳಿಯಬೇಕಾದರೆ ವೈರಸ್ ಹೇಗಿರುತ್ತದೆ ಅಂತ ಸ್ವಲ್ಪ ನೋಡಬೇಕು. ಕೆಲವು ವೈರಸ್‌ಗಳ ಮೇಲೆ ಕೊಬ್ಬಿನ ಒಂದು ಪೊರೆ ಇರುತ್ತದೆ. ಕೊರೋನಾ, ಫ್ಲೂ, ಕೋಳಿಗಳಿಗೆ ಬರುವ ಕೊಕ್ಕರೆ ರೋಗದ ವೈರಸ್, ಎಲ್ಲ ಈ ಜಾತಿ. ಎಣ್ಣೆ ಹತ್ತಿದ ಬಾಣಲೆಯ ಜಿಡ್ಡು ಸೋಪಿಗೆ ಬಿಡುವ ಹಾಗೆ ಈ ಪೊರೆ ಸೋಪಿಗೆ, ಸ್ಯಾನಿಟೈಸರ್‌ಗೆ ಕರಗಿಬಿಡುತ್ತದೆ. ಪೊರೆ ಹೋದರೆ ವೈರಸ್ ಕತೆ ಮುಗಿಯಿತು. ಇನ್ನು ಕೆಲವಕ್ಕೆ ಈ ಪೊರೆಯೇ ಇರುವುದಿಲ್ಲ. ಬರೀ ಪ್ರೋಟೀನಿನ ಗಟ್ಟಿ ಚಿಪ್ಪು, ಒಳಗೆ ಅದರ ಜೀನ್. ಕರಗಿಸುವುದಕ್ಕೆ ಕೊಬ್ಬೇ ಇಲ್ಲ. ಸೋಪು ಅದನ್ನು ತೊಳೆದು ಬೇರೆ ಕಡೆ ಸಾಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಸ್ಯಾನಿಟೈಸರ್ ಕೂಡ ಅದರ ಮುಂದೆ ಮಂಕು. ಕಾಲುಬಾಯಿ ಜ್ವರದ ವೈರಸ್ ಈ ಎರಡನೇ ಗುಂಪಿನದು.

ಆದರೆ ಅದಕ್ಕೂ ಒಂದು ದೌರ್ಬಲ್ಯ ಇದೆ. ಅದರ ಚಿಪ್ಪು ಹುಳಿಯನ್ನೂ ತಡೆಯುವುದಿಲ್ಲ, ಕ್ಷಾರವನ್ನೂ ತಡೆಯುವುದಿಲ್ಲ. ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ: 7 ನಡುಮಧ್ಯ, ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಈ ವೈರಸ್ ಪಿಎಚ್ 7ರ ಆಸುಪಾಸಿನಲ್ಲಿ ಆರಾಮಾಗಿರುತ್ತದೆ. 6ಕ್ಕಿಂತ ಕೆಳಗೆ ಇಳಿದರೆ, ಅಥವಾ 9 ದಾಟಿದರೆ, ಬಿಚ್ಚಿಕೊಳ್ಳುತ್ತದೆ. ಹುಳಿ ತಾಕಿದಾಗ ಚಿಪ್ಪು ಹನ್ನೆರಡು ತುಂಡಾಗಿ ಬೇರೆಯಾಗುತ್ತದೆ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಒಳಗಿನ ಜೀನ್ ಬಯಲಿಗೆ ಬಿದ್ದು ಹಾಳಾಗುತ್ತದೆ. ಎಷ್ಟು ಬೇಗ ಬಿಚ್ಚಿಕೊಳ್ಳುತ್ತದೆ ಅಂದರೆ, ಕಡಿದ ಪ್ರಾಣಿಯ ಮಾಂಸ ಗಟ್ಟಿಯಾಗುವಾಗ ಸಹಜವಾಗಿ ಹುಟ್ಟುವ ಹುಳಿಗೇ ಅದು ಸಾಯುತ್ತದೆ. ಮೂಳೆಯ ಮಜ್ಜೆಯಲ್ಲಿ, ಗ್ರಂಥಿಗಳಲ್ಲಿ ಆ ಹುಳಿ ಹುಟ್ಟುವುದಿಲ್ಲವಾದ್ದರಿಂದ ಅಲ್ಲಿ ಉಳಿದುಕೊಳ್ಳುತ್ತದೆ.

ವಿಚಿತ್ರ ಏನು ಗೊತ್ತಾ? ಮಕ್ಕಳಿಗೆ ಬರುವ ಕೈ-ಕಾಲು-ಬಾಯಿ ರೋಗದ ವೈರಸ್ ಇದೇ ಕುಟುಂಬದ್ದು. ಅದಕ್ಕೆ ಹುಳಿ ಏನೂ ಮಾಡುವುದಿಲ್ಲ, ಹೊಟ್ಟೆಯ ಆಮ್ಲವನ್ನೇ ದಾಟಿಕೊಂಡು ಕರುಳಿಗೆ ಹೋಗುತ್ತದೆ. ಒಂದೇ ಕುಟುಂಬದಲ್ಲಿ ಒಂದಕ್ಕೆ ಹುಳಿ ಯಮ, ಇನ್ನೊಂದಕ್ಕೆ ಲೆಕ್ಕಕ್ಕೇ ಇಲ್ಲ. ಅಂದ ಹಾಗೆ ಇವೆರಡೂ ಬೇರೆ ಬೇರೆ ರೋಗ. ಮಗುವಿನ ಕೈಯಲ್ಲಿ ಗುಳ್ಳೆ ಬಂತು ಅಂತ ಹಸುವನ್ನು ದೂರಬೇಡಿ. ದನದ ಈ ರೋಗ ಮನುಷ್ಯರಿಗೆ ತಾಗುವುದು ತೀರಾ ಅಪರೂಪ.

ಈಗ ಸೋಡಾ ವಿಷಯಕ್ಕೆ ಬರೋಣ. ವಾಷಿಂಗ್ ಸೋಡಾ ಅಂದರೆ ಸೋಡಿಯಂ ಕಾರ್ಬೋನೇಟ್. ನೀರಿಗೆ ಹಾಕಿದರೆ ಪಿಎಚ್ 11ರ ಸುತ್ತಮುತ್ತ ಹೋಗುತ್ತದೆ. ಈ ವೈರಸ್‌ಗೆ ಅಷ್ಟು ಸಾಕು, ಜಾಸ್ತಿಯೇ ಆಯಿತು. ಪ್ರಪಂಚದ ಪಶುವೈದ್ಯರು ಬಹಳ ಕಾಲದಿಂದ ಒಪ್ಪಿಕೊಂಡಿರುವ ಅಳತೆ ನೂರಕ್ಕೆ ನಾಲ್ಕು. ಪುಡಿ ಸೋಡಾ ಆದರೆ ಹತ್ತು ಲೀಟರ್ ನೀರಿಗೆ 400 ಗ್ರಾಂ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಸೋಡಾ ಎರಡು ರೂಪದಲ್ಲಿ ಬರುತ್ತದೆ. ಒಂದು ಒಣ ಪುಡಿ, ಹಿಟ್ಟಿನ ಹಾಗೆ. ಇನ್ನೊಂದು ಹರಳು, ಕಲ್ಲುಸಕ್ಕರೆ ಥರ ಹೊಳೆಯುತ್ತದೆ. ಹರಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ನೀರೇ. ಹಾಗಾಗಿ ಹರಳಾದರೆ ಹತ್ತು ಲೀಟರ್‌ಗೆ ಒಂದು ಕಿಲೋ ಬೇಕು. ನೆನೆಯುವ ಹೊತ್ತೂ ಜಾಸ್ತಿ: ಪುಡಿಯ ನೀರಿಗೆ ಹತ್ತು ನಿಮಿಷ ಸಾಕು, ಹರಳಿನದಕ್ಕೆ ಅರ್ಧ ಗಂಟೆ. ಎರಡೂ ಒಂದೇ ಬೆಲೆಗೆ ಕೊಟ್ಟರೆ ಪುಡಿಯನ್ನೇ ತಗೊಳ್ಳಿ.

ನಾನು ಬಳಸುವ ರೀತಿ ಹೀಗೆ. ಮೊದಲು ದನಗಳನ್ನೆಲ್ಲ ಹೊರಗೆ ಕಟ್ಟುತ್ತೇನೆ. ಸಗಣಿ ಬಾಚಿ, ಗಂಜಲ ಹರಿದು ಹೋಗುವ ಕಾಲುವೆ ಬಿಡಿಸಿ, ನೀರು ಹುಯ್ದು ತೆಂಗಿನ ಪೊರಕೆಯಲ್ಲಿ ಉಜ್ಜಿ ತೊಳೆಯುತ್ತೇನೆ. ಗೋದಲಿಯ ಮೂಲೆಯಲ್ಲಿ ಜೊಲ್ಲು ಒಣಗಿ ಅಂಟಿಕೊಂಡಿರುತ್ತದೆ, ಅದರ ಮೇಲೆ ಹಿಂಡಿ ಪುಡಿ ಕೂತು ಗಟ್ಟಿಯಾಗಿರುತ್ತದೆ. ಅದನ್ನು ಹಳೆಯ ಕುಡುಗೋಲಿನ ತುದಿಯಿಂದ ಕೆರೆದು ತೆಗೆಯಬೇಕು. ವೈರಸ್ ಇರುವುದೇ ಅಲ್ಲಿ. ಆಮೇಲೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬಿಸಿನೀರು ಹಾಕಿ ಸೋಡಾ ಸುರಿದು ಕೋಲಿನಲ್ಲಿ ಕದಡುತ್ತೇನೆ. ತಣ್ಣೀರಾದರೆ ತಳದಲ್ಲಿ ಗಂಟು ಕಟ್ಟುತ್ತದೆ, ಬಿಸಿಯಲ್ಲಿ ಬೇಗ ಕರಗುತ್ತದೆ. ನೀರು ಜಾರುಜಾರು ಆಗುತ್ತದೆ, ವಾಸನೆ ಏನೂ ಇರುವುದಿಲ್ಲ. ಅದನ್ನು ಚೊಂಬಿನಲ್ಲಿ ಗೋದಲಿಗೆ, ಗೂಟದ ಬುಡಕ್ಕೆ, ಚಪ್ಪಡಿ ಕಲ್ಲಿನ ಸಂದಿಗಳಿಗೆ ಸುರಿದು ಪೊರಕೆಯಲ್ಲಿ ಹರಡುತ್ತೇನೆ. ಹೇಳಿದಷ್ಟು ಹೊತ್ತು ನೆಲ ಒದ್ದೆಯಾಗೇ ಇರಬೇಕು. ಬಿಸಿಲಿಗೆ ಬೇಗ ಆರಿದರೆ ಇನ್ನೊಂದು ಸಲ ಸುರಿಯಬೇಕು. ಕೊನೆಗೆ ಗೋದಲಿಗೆ ಒಳ್ಳೆಯ ನೀರು ಹಾಕಿ ತೊಳೆಯುತ್ತೇನೆ, ದನ ನೆಕ್ಕುತ್ತದೆ ಅಲ್ವಾ. ಹಗ್ಗ, ಕಣ್ಣಿ ಎಲ್ಲ ಅದೇ ನೀರಲ್ಲಿ ನೆನೆಹಾಕಿ ಆಮೇಲೆ ಬಿಸಿಲಿಗೆ ಹಾಕುತ್ತೇನೆ.

ಸೋಡಾದ ದೊಡ್ಡ ಗುಣ ಅಂದರೆ ಕೊಳೆಯ ಮುಂದೆ ಅದು ಬೇಗ ಸೋಲುವುದಿಲ್ಲ. ಬ್ಲೀಚಿಂಗ್ ಪೌಡರ್ ಸೋಲುತ್ತದೆ. ಕ್ಲೋರಿನ್ ಒಳ್ಳೆಯ ಶಕ್ತಿವಂತ, ಚೊಕ್ಕ ಸಿಮೆಂಟ್ ನೆಲದಲ್ಲಿ ಕಾಲುಬಾಯಿ ವೈರಸ್ಸನ್ನೂ ಕೊಲ್ಲುತ್ತದೆ. ಆದರೆ ಸಗಣಿ, ಹಾಲು, ಜೊಲ್ಲು ಏನು ಸಿಕ್ಕಿದರೂ ಅದರ ಜೊತೆಗೇ ಹೊಡೆದಾಡಿ ಖಾಲಿಯಾಗುತ್ತದೆ, ವೈರಸ್‌ವರೆಗೆ ತಲುಪುವುದೇ ಇಲ್ಲ. ಕೊಟ್ಟಿಗೆಯಲ್ಲಿ ಸಗಣಿ ಇಲ್ಲದ ಜಾಗ ಎಲ್ಲಿ ಹುಡುಕುತ್ತೀರಿ? ಇನ್ನೊಂದು, ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. ಚೀಲದ ಬಾಯಿ ತೆರೆದು ಮಳೆಗಾಲದಲ್ಲಿ ಮೂಲೆಗಿಟ್ಟರೆ ಅದು ಹಾರಿಹೋಗಿ ಉಳಿಯುವುದು ಬರೀ ಸುಣ್ಣದಂಥ ಪುಡಿ. ಬೀದಿಯಲ್ಲಿ ಒಣ ಪುಡಿಯ ಬಿಳಿ ಗೆರೆ ಎಳೆದು ಹೋಗುತ್ತಾರಲ್ಲ, ಅದರಿಂದ ಉಪಯೋಗ ಬಹಳ ಕಡಿಮೆ. ಪುಡಿ ನೀರಲ್ಲಿ ಕರಗಿ ವೈರಸ್ಸನ್ನು ಒದ್ದೆಯಾಗಿ ಮುಟ್ಟಿದರೆ ಮಾತ್ರ ಕೆಲಸ.

ಫಿನಾಯಿಲ್ ಬಗ್ಗೆ. ಬಿಳಿ ಫಿನಾಯಿಲ್‌ನಲ್ಲಿ ಮುಖ್ಯವಾಗಿ ಇರುವುದು ಪೈನ್ ಎಣ್ಣೆ. ಮನೆ ಒರೆಸಲು ಸರಿ. ಕಪ್ಪು ಫಿನಾಯಿಲ್ ಕಲ್ಲಿದ್ದಲ ಡಾಂಬರಿನಿಂದ ಬರುವುದು, ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬ್ಯಾಕ್ಟೀರಿಯಾ ಮೇಲೆ, ಕೊಬ್ಬಿನ ಪೊರೆ ಇರುವ ವೈರಸ್‌ಗಳ ಮೇಲೆ ಅದು ಕೆಲಸ ಮಾಡುತ್ತದೆ. ಕಾಲುಬಾಯಿ ವೈರಸ್ ಮಾತ್ರ ಅದರಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕಕ್ಕೆ ಜಗ್ಗುವುದಿಲ್ಲ. ಆಸ್ಪತ್ರೆ ನೆಲ ಒರೆಸಲು ಬಳಸುವ, ನೊರೆ ಬರುವ ಕ್ವಾಟ್ ಜಾತಿಯ ದ್ರಾವಣಗಳೂ ಅಷ್ಟೇ. ಕೆಚ್ಚಲಿಗೆ ಅದ್ದುವ ಅಯೋಡಿನ್ ಕೂಡ ಕೊಳೆ ಇದ್ದಲ್ಲಿ ಇದಕ್ಕೆ ನಂಬುವಂಥದ್ದಲ್ಲ. ಕೆಚ್ಚಲು ಬಾವಿಗೆ ಅಯೋಡಿನ್ ಬೇಕೇ ಬೇಕು, ಅದನ್ನು ನಿಲ್ಲಿಸಬೇಡಿ, ಆದರೆ ಅದು ಬ್ಯಾಕ್ಟೀರಿಯಾದ ಕೆಲಸ. ಕಪ್ಪು ಫಿನಾಯಿಲ್‌ದು ಇನ್ನೊಂದು ತೊಂದರೆ: ಹಾಲು ವಾಸನೆ ಎಳೆದುಕೊಳ್ಳುತ್ತದೆ. ಕರೆಯುವ ಜಾಗದಲ್ಲಿ ಅದನ್ನು ಹಾಕಬಾರದು.

ತಾಲ್ಲೂಕು ಕೇಂದ್ರದ ಒಂದು ಅಂಗಡಿಯಲ್ಲಿ ಕೇಳಿದಾಗ, "ಅಕ್ಕಾ, ಇದು ತಗೊಳ್ಳಿ, ನೂರಕ್ಕೆ 99.9 ಕ್ರಿಮಿ ಸಾಯುತ್ತೆ" ಅಂತ ಸುವಾಸನೆಯ ದ್ರಾವಣ ಕೊಡಲು ಬಂದರು. ನಾನು ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಪರೀಕ್ಷೆ ಮಾಡಿದ್ದು ಬ್ಯಾಕ್ಟೀರಿಯಾ ಮೇಲೆ. ವೈರಸ್ ಹೆಸರೇ ಇರಲಿಲ್ಲ. "ಕಾಲುಬಾಯಿ ವೈರಸ್‌ಗೆ ಆಗುತ್ತಾ?" ಅಂದೆ. "ಎಲ್ಲಾ ಒಂದೇ ಅಲ್ವಾ ಅಕ್ಕಾ" ಅಂದರು. ಒಂದೇ ಅಲ್ಲ. ಹಾಗೆ ಹೇಳಿ ಮಾರುವವರ ಮೇಲೆ ನನಗೆ ನಿಜವಾಗಲೂ ಸಿಟ್ಟಿದೆ. ಹಸು ಸಾಲ ಮಾಡಿ ತಂದವರು ಆ ಮಾತು ನಂಬಿಕೊಂಡು ಮನೆಗೆ ಹೋಗುತ್ತಾರೆ.

ಸೋಡಾದ ಕೊರತೆಗಳನ್ನೂ ಹೇಳಬೇಕು. ಅಲ್ಯೂಮಿನಿಯಂ ತಿನ್ನುತ್ತದೆ. ಅಲ್ಯೂಮಿನಿಯಂ ಹಾಲಿನ ಕ್ಯಾನನ್ನು ಇದರಲ್ಲಿ ನೆನೆಹಾಕಬೇಡಿ, ಸ್ಟೀಲ್ ಆದರೆ ತೊಂದರೆ ಇಲ್ಲ. ಕೈ ಒಣಗಿ ಬಿರುಕು ಬಿಡುತ್ತದೆ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಕಣ್ಣಿಗೆ ಸಿಡಿದರೆ ಉರಿ, ತಕ್ಷಣ ನೀರಲ್ಲಿ ತೊಳೆಯಬೇಕು. ಹಸುವಿನ ಹುಣ್ಣಿನ ಮೇಲೆ, ಕೆಚ್ಚಲಿನ ಮೇಲೆ ಈ ನೀರು ಹಾಕಲೇಬಾರದು. ಹುಣ್ಣಿಗೆ ಏನು ಹಚ್ಚಬೇಕು ಅಂತ ಡಾಕ್ಟರ್ ಹೇಳುತ್ತಾರೆ. ಬಾಯಿ ನೋವಿರುವ ಹಸುವಿಗೆ ನಾವು ತೆಳ್ಳಗೆ ರಾಗಿ ಅಂಬಲಿ ಕುಡಿಸುತ್ತೇವೆ. ಕಾಸ್ಟಿಕ್ ಸೋಡಾ ಇದಕ್ಕಿಂತ ಜೋರು, ನೂರಕ್ಕೆ ಎರಡು ಹಾಕಿದರೆ ಸಾಕು. ಆದರೆ ಅದು ಚರ್ಮವನ್ನೇ ಸುಡುತ್ತದೆ. ಮಕ್ಕಳು ಓಡಾಡುವ ಮನೆಗೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ನಮ್ಮತ್ತೆ ಕೇಳಿದ್ದು: "ಸುಣ್ಣ ಸಾಲದೇನಮ್ಮಾ? ನಮ್ಮ ಕಾಲದಲ್ಲಿ ಅದೇ ಬಳೀತಿದ್ದೆವು." ಸಾಲುತ್ತದೆ, ಆಗತಾನೇ ಅರಳಿಸಿದ ಸುಣ್ಣ ಆದರೆ. ಅದರ ಪಿಎಚ್ 12 ದಾಟುತ್ತದೆ, ಸೋಡಾಗಿಂತಲೂ ಹೆಚ್ಚು. ಆದರೆ ಗಾಳಿಗೆ ಬಿಟ್ಟ ಸುಣ್ಣ ನಿಧಾನವಾಗಿ ಸೀಮೆಸುಣ್ಣವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಹಬ್ಬಕ್ಕೆ ಬಳಿದ ಗೋಡೆ ಬೆಳ್ಳಗೆ ಕಾಣುತ್ತದೆ, ರೋಗ ಬಂದಾಗ ಕೊಲ್ಲುವುದಿಲ್ಲ. ಅತ್ತೆಯ ಕಾಲದ ಪದ್ಧತಿಯಲ್ಲಿ ತಪ್ಪಿಲ್ಲ. ಹೊಸದಾಗಿ ಬಳಿಯಬೇಕು ಅಷ್ಟೇ.

ಹುಳಿಯ ದಾರಿಯೂ ಇದೆ ಅಂದೆನಲ್ಲ. ಸಿಟ್ರಿಕ್ ಆ್ಯಸಿಡ್ ಪುಡಿ ಹತ್ತು ಲೀಟರ್ ನೀರಿಗೆ 20 ಗ್ರಾಂ ಹಾಕಿದರೆ ಸಾಕು, ಅರ್ಧ ಗಂಟೆ ಬಿಡಬೇಕು. ಕೈ, ಬಟ್ಟೆ, ಮೊಬೈಲ್ ಕವರ್, ಬೈಕಿನ ಫುಟ್‌ರೆಸ್ಟ್, ಇಂಥದ್ದಕ್ಕೆಲ್ಲ ಇದು ಸೋಡಾಗಿಂತ ಹಿತ. ಚರ್ಮಕ್ಕೆ ಅಪಾಯವಿಲ್ಲ. ಆದರೆ ಎರಡನ್ನೂ ಒಂದೇ ಬಕೆಟ್‌ಗೆ ಹಾಕಬೇಡಿ. ಬುಸ್ಸೆಂದು ನೊರೆ ಬಂದು ಒಂದನ್ನೊಂದು ಕೊಂದುಕೊಳ್ಳುತ್ತವೆ, ಉಳಿಯುವ ನೀರು ವೈರಸ್‌ಗೆ ಏನೂ ಮಾಡುವುದಿಲ್ಲ. ಬ್ಲೀಚಿಂಗ್ ಪೌಡರ್ ಜೊತೆಗಂತೂ ಯಾವ ಆ್ಯಸಿಡ್ಡೂ ಸೇರಬಾರದು. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ.

ಬ್ರಿಟನ್ನಿನಲ್ಲಿ 2001ರಲ್ಲಿ ಈ ರೋಗ ಹಬ್ಬಿದಾಗ ಅರವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಆಗ ಅಲ್ಲಿ ಫಾರಂ ಗೇಟುಗಳ ಮುಂದೆ ಔಷಧಿಯಲ್ಲಿ ನೆನೆಸಿದ ಹುಲ್ಲಿನ ಹಾಸು ಹಾಕಿದ್ದರು. ನಾವು ಹಾಗೇ ಕೊಟ್ಟಿಗೆ ಬಾಗಿಲಲ್ಲಿ ಗೋಣಿಚೀಲ ಮಡಿಸಿ ಸೋಡಾ ನೀರಲ್ಲಿ ನೆನೆಸಿ ಹಾಕುತ್ತೇವೆ. ಯಾಕೆಂದರೆ ರೋಗ ನಡೆದುಕೊಂಡೂ ಬರುತ್ತದೆ. ಹಾಲಿನ ಗಾಡಿಯವರು, ಇಂಜೆಕ್ಷನ್ ಮಾಡಲು ಬರುವವರು, ದನದ ದಲ್ಲಾಳಿಗಳು ನಾಲ್ಕಾರು ಕೊಟ್ಟಿಗೆ ತುಳಿದು ಬಂದಿರುತ್ತಾರೆ. ಮೊದಲು ಮೆಟ್ಟು ಉಜ್ಜಿ ತೊಳೆದು, ಆಮೇಲೆ ಚೀಲದ ಮೇಲೆ ನಿಲ್ಲಬೇಕು. ಸುಮ್ನೆ ದಾಟಿ ಹೋದರೆ ಪ್ರಯೋಜನ ಇಲ್ಲ. ಚೀಲ ಸಗಣಿಯಾದರೆ, ಮಳೆ ಬಿದ್ದರೆ, ನೀರು ಬದಲಿಸಬೇಕು. ಪಕ್ಕದ ಮನೆ ಅಣ್ಣ ಮೊದಮೊದಲು ನಕ್ಕಿದ್ದರು. ಈಗ ಅವರ ಬಾಗಿಲಲ್ಲೂ ಚೀಲ ಇದೆ.

ಇಷ್ಟೆಲ್ಲ ಹೊಗಳಿದ್ದು ಒಂದೇ ವೈರಸ್ ವಿಷಯದಲ್ಲಿ. ಬೇರೆ ರೋಗಕ್ಕೆ ಸೋಡಾ ಎಲ್ಲದಕ್ಕೂ ಆಗುತ್ತದೆ ಅಂದುಕೊಳ್ಳಬೇಡಿ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ದನ ಸತ್ತವು. ಆ ವೈರಸ್‌ಗೆ ಕೊಬ್ಬಿನ ಪೊರೆ ಇದೆ. ಪುಸ್ತಕದ ಪ್ರಕಾರ ಸೋಪಿಗೇ ಸಾಯಬೇಕು. ಸಾಯುತ್ತದೆ ಕೂಡ, ಬಯಲಲ್ಲಿ ಸಿಕ್ಕರೆ. ಆದರೆ ಅದು ಒಣಗಿದ ಹಕ್ಕಳೆಯೊಳಗೆ ಅಡಗಿ ಕೂತರೆ ಒಂದು ತಿಂಗಳ ಮೇಲೂ ಬದುಕಿರುತ್ತದೆ. ಹಸುವಿನ ಮೈಯಿಂದ ಉದುರಿದ ಹಕ್ಕಳೆ ನೋಡಿದ್ದೀರಾ? ರೂಪಾಯಿ ನಾಣ್ಯದಷ್ಟು ಅಗಲ, ಚರ್ಮದ ದಪ್ಪ, ಕೂದಲ ಸಮೇತ ಬೀಳುತ್ತದೆ. ಅದರೊಳಗೆ ಯಾವ ದ್ರಾವಣವೂ ಸುಲಭಕ್ಕೆ ಇಳಿಯುವುದಿಲ್ಲ. ಗುಡಿಸಿ ಆರಿಸಿ ಸುಟ್ಟುಬಿಡಬೇಕು. ಕತ್ತಲೆ ಕೊಟ್ಟಿಗೆಯಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲಿಗೆ ಬೇಗ ಸಾಯುತ್ತದೆ. ಹಾಗಾಗಿ ನಾವು ಮಾಡಿನ ಎರಡು ಹೆಂಚು ತೆಗೆದು ಬೆಳಕಿನ ಹಾಳೆ ಹಾಕಿಸಿದೆವು. ಗೋಡೆಗೆ ಕಪ್ಪು ಫಿನಾಯಿಲ್ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಈ ವೈರಸ್ ಅದಕ್ಕೆ ಸಾಯುತ್ತದೆ. ಇಷ್ಟಾದರೂ ಈ ರೋಗವನ್ನು ಹೆಚ್ಚಾಗಿ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆ. ನೆಲ ತೊಳೆದರೆ ನೊಣ ಹೋಗುವುದಿಲ್ಲ. ಈ ವೈರಸ್‌ಗೆ ಹತ್ತಿರದ ಸಂಬಂಧಿಯಾದ ಮೇಕೆ ಸಿಡುಬಿನ ಲಸಿಕೆಯನ್ನು ಹಸುಗಳಿಗೆ ಹಾಕಿಸಿದ್ದು, ನೊಣದ ಕಾಟ ತಡೆದದ್ದು, ಅದೇ ಹೆಚ್ಚು ಕೆಲಸಕ್ಕೆ ಬಂತು.

ನಾಯಿಮರಿಗಳ ಪಾರ್ವೋ ಇದೆಯಲ್ಲ, ರಕ್ತಭೇದಿ ಆಗಿ ಸಾಯುತ್ತವಲ್ಲ, ಅದರ ವೈರಸ್ ಇವೆಲ್ಲಕ್ಕಿಂತ ಗಟ್ಟಿ. ಪೊರೆ ಇಲ್ಲ, ಹುಳಿಗೆ ಜಗ್ಗುವುದಿಲ್ಲ, 60 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇದ್ದರೂ ಉಳಿಯುತ್ತದೆ. ಸ್ಯಾನಿಟೈಸರ್, ಫಿನಾಯಿಲ್, ಕ್ವಾಟ್ ಯಾವುದೂ ನಂಬಿಕೆಗೆ ಇಲ್ಲ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೆ ಬೇಕಾದ್ದು ಕ್ಲೋರಿನ್. ಬಾಟಲಿಯಲ್ಲಿ ಸಿಗುವ ಬ್ಲೀಚ್ ದ್ರಾವಣ ಒಂದು ಭಾಗಕ್ಕೆ ಮೂವತ್ತು ಭಾಗ ನೀರು, ಚೆನ್ನಾಗಿ ತೊಳೆದ ನೆಲದ ಮೇಲೆ ಹತ್ತು ನಿಮಿಷ. ಜಗುಲಿ, ತಟ್ಟೆ, ಸರಪಳಿಗೆ ಇದು ಸರಿ. ಮಣ್ಣಿನ ಅಂಗಳಕ್ಕೆ ಬ್ಲೀಚ್ ಸುರಿದು ದುಡ್ಡು ಹಾಳು ಮಾಡಬೇಡಿ, ಮಣ್ಣೇ ಅದನ್ನು ನುಂಗಿಬಿಡುತ್ತದೆ. ಮರಿಗೆ ಲಸಿಕೆಗಳೆಲ್ಲ ಮುಗಿಯುವ ತನಕ ಅಂಗಳಕ್ಕೆ ಬಿಡದೇ ಇರುವುದೇ ದಾರಿ. ಈಗಿನ ನಮ್ಮ ನಾಯಿ ಜಗುಲಿಯಲ್ಲೇ ಬೆಳೆದದ್ದು.

ಕೋಳಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೊಕ್ಕರೆ ರೋಗದ ವೈರಸ್ ಪೊರೆಯದು. ಗೂಡನ್ನು ಸೋಪು ನೀರಲ್ಲಿ ಉಜ್ಜಿ ಬಿಸಿಲಿಗಿಟ್ಟರೆ ಬಹುಪಾಲು ಆಯಿತು. ಕೋಳಿಮರಿಗಳಿಗೆ ಬರುವ ಗುಂಬೋರೋ ರೋಗದ ವೈರಸ್ ಹಾಗಲ್ಲ. ಕೋಳಿ ಖಾಲಿ ಮಾಡಿದ ಶೆಡ್ಡಿನಲ್ಲಿ ನಾಲ್ಕು ತಿಂಗಳಾದರೂ ಅದು ಉಳಿದದ್ದು ದಾಖಲಾಗಿದೆ. ಬಾಯ್ಲರ್ ಕೋಳಿ ಸಾಕುವ ನಮ್ಮ ಚಿಕ್ಕಪ್ಪನ ಮಗ ಅದಕ್ಕೆ ಗುಲಾಬಿ ಪುಡಿ ಬಳಸುತ್ತಾನೆ. ಪೊಟ್ಯಾಷಿಯಂ ಪೆರಾಕ್ಸಿಮೋನೋಸಲ್ಫೇಟ್ ಅಂತ ಅದರ ಹೆಸರು, ವಿರ್ಕಾನ್ ಅನ್ನುವುದು ಅದರಲ್ಲಿ ಹೆಸರಾದ ಬ್ರ್ಯಾಂಡ್. ನೂರಕ್ಕೆ ಒಂದರಂತೆ ಕಲಸಿದರೆ ಕಾಲುಬಾಯಿ, ಪಾರ್ವೋ, ಗುಂಬೋರೋ ಮೂರಕ್ಕೂ ಆಗುತ್ತದೆ. ಬಣ್ಣ ಮಾಸಿದರೆ ಶಕ್ತಿ ಹೋಯಿತು ಅಂತ ಕಣ್ಣಿಗೇ ಗೊತ್ತಾಗುತ್ತದೆ, ಅದು ನನಗೆ ಬಹಳ ಇಷ್ಟವಾಯಿತು. ಬೆಲೆ ಮಾತ್ರ ಸೋಡಾಗಿಂತ ಹತ್ತಾರು ಪಟ್ಟು. ದೊಡ್ಡ ಶೆಡ್ಡಿನವರಿಗೆ ಸರಿ. ನಾಲ್ಕು ಹಸುವಿನ ಮನೆಗೆ ದಿನಾ ಬಳಸಲು ಆಗುವುದಿಲ್ಲ.

ಇನ್ನು, ಸೋಡಾ ಇದೆ ಅಂತ ಕಾಲುಬಾಯಿ ಜ್ವರದ ಲಸಿಕೆ ಬಿಡುವವರಿಗೆ ಕೈ ಮುಗಿದು ಹೇಳುತ್ತೇನೆ, ಬಿಡಬೇಡಿ. ರೋಗ ಹಿಡಿದ ಹಸು ಉಸಿರಿನಲ್ಲೇ ವೈರಸ್ ಬಿಡುತ್ತದೆ, ಗಾಳಿಯನ್ನು ಯಾರು ತೊಳೆಯುತ್ತಾರೆ? ಗುಳ್ಳೆ ಕಾಣುವ ಮೊದಲೇ ಹಾಲಿನಲ್ಲೂ ವೈರಸ್ ಇರುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಈ ಲಸಿಕೆ ಉಚಿತ. "ಇಂಜೆಕ್ಷನ್ ಹಾಕಿಸಿದರೆ ಹಾಲು ಕಮ್ಮಿಯಾಗುತ್ತೆ" ಅಂತ ಹಸುವನ್ನು ತೋಟಕ್ಕೆ ಹೊಡೆದುಕೊಂಡು ಹೋಗುವವರು ನಮ್ಮೂರಲ್ಲೂ ಇದ್ದಾರೆ. ಒಂದೆರಡು ದಿನ ಸ್ವಲ್ಪ ಕಮ್ಮಿಯಾಗಬಹುದು. ರೋಗ ಬಂದರೆ ಆ ಸೂಲೇ ಹೋಗುತ್ತದೆ.

ಲಸಿಕೆ ಹಾಕಲು ಬಂದ ಡಾಕ್ಟರ್ ಹೇಳಿದ ಮಾತೊಂದು ನನ್ನ ತಲೆಯಲ್ಲಿ ಉಳಿದಿದೆ. ಅವರ ಐಸ್ ಬಾಕ್ಸ್ ಬಿಸಿಲಲ್ಲಿತ್ತು. ಹುಡುಗ ಅದನ್ನು ಓಡಿ ನೆರಳಿಗೆ ಎತ್ತಿಟ್ಟ. ಯಾಕಿಷ್ಟು ಅವಸರ ಅಂತ ಕೇಳಿದೆ. "ಅಮ್ಮಾ, ನಿಮ್ಮ ಸೋಡಾಗೆ ಬಿಚ್ಚಿಕೊಳ್ಳುವ ಅದೇ ಚಿಪ್ಪು ಈ ಬಾಟಲಿಯಲ್ಲೂ ಇದೆ. ಬಿಸಿಗೂ ಬಿಚ್ಚಿಕೊಳ್ಳುತ್ತೆ. ಬಿಚ್ಚಿಕೊಂಡರೆ ಹಸುವಿನ ಮೈಗೆ ಗುರುತು ಸಿಗಲ್ಲ" ಅಂದರು. ಲಸಿಕೆಯೊಳಗೆ ಇರುವುದು ಕೊಂದ ವೈರಸ್. ಅದರ ಜೀನನ್ನು ಮಾತ್ರ ಕೆಡಿಸಿ, ಚಿಪ್ಪನ್ನು ಇಡಿಯಾಗಿ ಉಳಿಸುವ ರಾಸಾಯನಿಕದಿಂದ ಕೊಂದಿರುತ್ತಾರೆ. ಕೊಟ್ಟಿಗೆಯಲ್ಲಿ ನಮಗೆ ಚಿಪ್ಪು ಒಡೆಯಬೇಕು, ಬಾಟಲಿಯಲ್ಲಿ ಅದು ಒಡೆಯಬಾರದು. ಅದಕ್ಕೇ 2ರಿಂದ 8 ಡಿಗ್ರಿ ತಂಪು. ಅದು ತಿಳಿದ ಮೇಲೆ ಲಸಿಕೆ ದಿನ ಅವರು ಬರುವ ಮೊದಲೇ ಹಸುಗಳನ್ನು ಸಾಲಾಗಿ ಕಟ್ಟಿರುತ್ತೇನೆ, ಬಾಕ್ಸ್ ತೆರೆದಿಟ್ಟುಕೊಂಡು ಕಾಯುವ ಹಾಗೆ ಆಗಬಾರದು ಅಂತ.

ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಿಂದ ಹೊಸ ಎತ್ತು ತಂದರೆ ಎರಡು ಮೂರು ವಾರ ಬೇರೆ ಕಡೆ ಕಟ್ಟುವುದು, ಅದರ ಸಗಣಿಯನ್ನು ಬೇರೆ ತಿಪ್ಪೆಗೆ ಹಾಕಿ ಮುಚ್ಚುವುದು, ಇದನ್ನೂ ಸೋಡಾ ಜೊತೆ ರೂಢಿ ಮಾಡಿಕೊಳ್ಳಿ. ಚೆನ್ನಾಗಿ ಗುಡ್ಡೆ ಹಾಕಿದ ತಿಪ್ಪೆಯ ಒಳಗಿನ ಕಾವಿಗೆ ಕಾಲುಬಾಯಿ ವೈರಸ್ ಉಳಿಯುವುದಿಲ್ಲ.

ನಮ್ಮ ಊರಲ್ಲಿ ಹೋದ ಸಲ ರೋಗ ಬಂದಾಗ ನಮ್ಮ ಹಸುಗಳಿಗೆ ಬರಲಿಲ್ಲ. ಅದು ಲಸಿಕೆಯಿಂದಲೋ, ಗೋಣಿಚೀಲದಿಂದಲೋ, ಎರಡೂ ಸೇರಿಯೋ ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ನಾನು ಎರಡನ್ನೂ ಬಿಡುವುದಿಲ್ಲ. ಕಾಲುಬಾಯಿ ಜ್ವರಕ್ಕೆ ಕೊಟ್ಟಿಗೆ ತೊಳೆಯುವ ವಸ್ತು ಅಂತ ನೋಡಿದರೆ ವಾಷಿಂಗ್ ಸೋಡಾಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿತ ಅಲ್ಯೂಮಿನಿಯಂಗೆ ಆಗದೇ ಇರುವುದಕ್ಕೆ ಮತ್ತು ಕೈ ಬಿರಿಯುವುದಕ್ಕೆ.

ಕೊಳ್ಳುವಾಗ ಪೊಟ್ಟಣದ ಮೇಲೆ ಸೋಡಿಯಂ ಕಾರ್ಬೋನೇಟ್ ಅಂತ ಇದೆಯಾ ನೋಡಿ. ಬೈಕಾರ್ಬೋನೇಟ್ ಅಂತ ಇದ್ದರೆ ಅದು ಅಡುಗೆ ಸೋಡಾ, ಬೋಂಡಾಗೆ ಹಾಕುವುದು. ಅದರ ಪಿಎಚ್ 8ರ ಹತ್ತಿರವೇ ನಿಲ್ಲುತ್ತದೆ, ಈ ವೈರಸ್‌ಗೆ ಸಾಲುವುದಿಲ್ಲ. ತಂದ ಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿ, ಮೇಲೆ ದೊಡ್ಡದಾಗಿ ಹೆಸರು ಬರೆದು, ಅಡುಗೆಮನೆಯಿಂದ ದೂರ ಇಡಿ. ನೀರಿಗೆ ಕಲಸುವುದು ಅವತ್ತಿಗೆ ಬೇಕಾದಷ್ಟು ಮಾತ್ರ.